ಏರಿನಲ್ಲಿ ಬಸವಳಿಯುವ ಎಂಜಿನ್ನಿಗೊಂದು ತಿದಿ

ಮಂಗಳೂರಿನಲ್ಲಿ ಚಿಮ್ಮುತ್ತಿದ್ದ ಪೆಟ್ರೋಲ್ ಕಾರು ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರುವಷ್ಟರಲ್ಲಿ ಮಂಕಾಗಿರುತ್ತದೆ. ಏರು ಹತ್ತಿದೆ, ದಣಿದಿದೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಏರು ಮುಗಿದು, ಕುಶಾಲನಗರ ದಾಟಿ, ಪಿರಿಯಾಪಟ್ಟಣದಿಂದ ಹುಣಸೂರಿನ ಕಡೆಗೆ ರಸ್ತೆ ಹೆಚ್ಚುಕಡಿಮೆ ಸಮತಟ್ಟಾದ ಮೇಲೂ ಕರಾವಳಿಯಲ್ಲಿದ್ದ ಚುರುಕು ಪೂರ್ತಿ ಮರಳುವುದಿಲ್ಲ. ಅದೇ ಕಾರು, ಅದೇ ಪೆಟ್ರೋಲು, ಆಕ್ಸಿಲರೇಟರ್ ತುಳಿಯುವ ಕಾಲೂ ಅದೇ. ಟ್ಯಾಂಕಿನಲ್ಲಿ ಇಂಧನ ಬೇಕಾದಷ್ಟಿದೆ. ಹಾಗಿದ್ದರೆ ಕಡಿಮೆಯಾದದ್ದು ಏನು? ಈ ಪ್ರಶ್ನೆಗೆ ಉತ್ತರ ಸಿಕ್ಕರೆ, ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊರಗಿನಿಂದ ಸೂಪರ್‌ಚಾರ್ಜರ್ ಕೂರಿಸಬೇಕೆಂಬ ಆಸೆ ಎಷ್ಟರ ಮಟ್ಟಿಗೆ ಸರಿ, ಎಲ್ಲಿ ತಪ್ಪು ಎಂಬುದಕ್ಕೂ ಉತ್ತರ ಸಿಗುತ್ತದೆ. ಎರಡರ ಹಿಂದೆಯೂ ಇರುವುದು ಗಾಳಿ. ಎರಡನೆಯದರಲ್ಲಿ ಗಾಳಿಯ ಬೆನ್ನಿಗೇ ಬಿಸಿಯೂ ಬರುತ್ತದೆ.

ಹತ್ತು ಸಾವಿರ ಲೀಟರಿನ ಊಟ

ಎಂಜಿನ್ ಪೆಟ್ರೋಲಿನಿಂದ ಓಡುತ್ತದೆ ಎನ್ನುವುದು ಅರ್ಧ ಸತ್ಯ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಹದಿನಾಲ್ಕೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು ಗಾಳಿ ಬೇಕು. ಲೀಟರಿನಲ್ಲಿ ಹೇಳಿದರೆ, ಹುಣಸೂರಿನ ಹವೆಯಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿ. ಒಂದು ಪುಟ್ಟ ಕೋಣೆಯಲ್ಲಿ ಹಿಡಿಸುವಷ್ಟು. ಪೆಟ್ರೋಲು ದ್ರವ. ಅದನ್ನು ಬೇಕಾದಷ್ಟು ಸುರಿಯುವುದು ಸುಲಭ, ಕಾರ್ಬ್ಯುರೇಟರಿಗೆ ಸ್ವಲ್ಪ ದೊಡ್ಡ ತೂತಿನ ಜೆಟ್ ಹಾಕಿದರೆ ಮುಗಿಯಿತು. ಕಷ್ಟವಿರುವುದು ಅದರ ಜೊತೆಗೆ ಆ ಕೋಣೆಯಷ್ಟು ಗಾಳಿಯನ್ನು ಮುಷ್ಟಿಗಾತ್ರದ ಸಿಲಿಂಡರುಗಳೊಳಗೆ ತುಂಬುವುದರಲ್ಲಿ. ಗಾಳಿಯಿಲ್ಲದೆ ಪೆಟ್ರೋಲನ್ನಷ್ಟೇ ಹೆಚ್ಚಿಸಿದರೆ ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆಯೇ ಹೊರತು ಚಕ್ರಕ್ಕೆ ಬಲ ಬರುವುದಿಲ್ಲ. ಸೌದೆಯನ್ನು ಕಿಕ್ಕಿರಿಯುವಂತೆ ತುರುಕಿದ ಒಲೆಯ ಕಥೆಯೂ ಇದೇ.

ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್‌.ಡಿ. ಕೋಟೆ, ಕೆ.ಆರ್. ನಗರದ ಹೊಗೆಸೊಪ್ಪಿನ ಊರುಗಳಲ್ಲಿ ಎಲೆ ಒಣಗಿಸುವ ಬ್ಯಾರನ್ ಒಲೆಯ ಮುಂದೆ ರಾತ್ರಿ ಕಳೆದ ಯಾರಿಗಾದರೂ ಗೊತ್ತು: ಉರಿ ಏರಬೇಕಾದರೆ ಸೌದೆ ಸೇರಿಸಿದರಷ್ಟೇ ಸಾಲದು, ಒಲೆಯ ಬಾಯಿ ತೆರೆದು ಗಾಳಿ ಬಿಡಬೇಕು. ಬ್ಯಾರನ್ನಿನ ಒಲೆಗೆ ಗಾಳಿ ತಾನಾಗಿ ಬರುತ್ತದೆ. ಬಿಸಿ ಹೊಗೆ ಚಿಮಣಿಯಲ್ಲಿ ಮೇಲೇಳುತ್ತದೆ, ಆ ಖಾಲಿಗೆ ಹೊರಗಿನ ಗಾಳಿ ನುಗ್ಗುತ್ತದೆ. ಕುಲುಮೆಯಲ್ಲಿ ಹೀಗಲ್ಲ. ಅಲ್ಲಿ ತಿದಿಯೊತ್ತಿ ಗಾಳಿಯನ್ನು ಒಳಗೆ ತಳ್ಳುತ್ತಾರೆ, ಹಾಗಾಗಿ ಅದೇ ಇದ್ದಿಲು ಕಬ್ಬಿಣವನ್ನು ಕೆಂಪಗೆ ಕಾಯಿಸುತ್ತದೆ. ಸಾಮಾನ್ಯ ಎಂಜಿನ್ ಬ್ಯಾರನ್ ಒಲೆಯಂತೆ, ಸೂಪರ್‌ಚಾರ್ಜರ್ ಇರುವ ಎಂಜಿನ್ ಕುಲುಮೆಯಂತೆ. ಆದ್ದರಿಂದ ಮುಂದೆ ಸೂಪರ್‌ಚಾರ್ಜರನ್ನು ತಿದಿಯಂತ್ರ ಎಂದೇ ಕರೆಯುತ್ತೇನೆ. ಅದು ಮಾಡುವ ಕೆಲಸವನ್ನು ಇಷ್ಟು ನೇರವಾಗಿ ಹೇಳುವ ಇನ್ನೊಂದು ಪದ ನಮ್ಮಲ್ಲಿಲ್ಲ.

ಸೆಳೆಯುವುದೆಂಬ ಭ್ರಮೆ

ಪಿಸ್ಟನ್ ಕೆಳಗಿಳಿದಾಗ ಗಾಳಿಯನ್ನು ಸೆಳೆದುಕೊಳ್ಳುತ್ತದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಮಾತಿಗೆ ಸರಿ, ಭೌತವಿಜ್ಞಾನಕ್ಕೆ ತಪ್ಪು. ಗಾಳಿಯನ್ನು ಹಿಡಿದೆಳೆಯಲು ಅದಕ್ಕೆ ಜುಟ್ಟಿಲ್ಲ. ಪಿಸ್ಟನ್ ಮಾಡುವುದು ಜಾಗ ಖಾಲಿ ಮಾಡುವ ಕೆಲಸ ಮಾತ್ರ. ಒಳಗೆ ತಳ್ಳುವುದು ಹೊರಗಿನ ವಾತಾವರಣ. ಇದಕ್ಕೆ ತೆರೆದ ಬಾವಿಯ ಪಂಪ್‌ಸೆಟ್ಟಿಗಿಂತ ಒಳ್ಳೆಯ ಸಾಕ್ಷಿ ಬೇಡ. ಬಾವಿಯ ಮೇಲೆ ಕೂರಿಸಿದ ಪಂಪು ಎಷ್ಟೇ ದೊಡ್ಡ ಮೋಟರಿನದಾಗಿದ್ದರೂ ಏಳೆಂಟು ಮೀಟರಿಗಿಂತ ಕೆಳಗಿನ ನೀರನ್ನು ಎತ್ತಲು ಒದ್ದಾಡುತ್ತದೆ. ಲೆಕ್ಕದಲ್ಲಿ ಸಮುದ್ರಮಟ್ಟದಲ್ಲಿ ಅದರ ಮಿತಿ ಸುಮಾರು 10.3 ಮೀಟರು. ಪೈಪಿನೊಳಗೆ ನೀರನ್ನು ಮೇಲಕ್ಕೆ ತಳ್ಳುತ್ತಿರುವುದು ಬಾವಿಯ ನೀರಿನ ಮೇಲೆ ಕುಳಿತ ವಾತಾವರಣ, ಅದರ ಶಕ್ತಿ ಅಷ್ಟೇ. ನೀರು ಇನ್ನೂ ಆಳಕ್ಕೆ ಹೋದಾಗ ನಮ್ಮ ರೈತರು ಏನು ಮಾಡಿದರು? ಮೇಲಿನ ಪಂಪಿನ ಅಶ್ವಶಕ್ತಿ ಹೆಚ್ಚಿಸಲಿಲ್ಲ. ಪಂಪನ್ನೇ ಕೊಳವೆಬಾವಿಯ ತಳಕ್ಕೆ ಇಳಿಸಿದರು. ಸಬ್‌ಮರ್ಸಿಬಲ್ ಪಂಪು ಸೆಳೆಯುವ ಗೋಜಿಗೆ ಹೋಗದೆ ಕೆಳಗಿನಿಂದಲೇ ತಳ್ಳುತ್ತದೆ. ವಾತಾವರಣ ಹಾಕಿದ ಮಿತಿಯನ್ನು ದಾಟುವುದಕ್ಕೆ ಅದೊಂದೇ ದಾರಿ, ಎಂಜಿನ್ನಿಗೂ ಅದೇ.

ಮೊದಲ ಒಗಟಿಗೆ ಉತ್ತರ ಇಲ್ಲಿದೆ. ಮೇಲೆ ಹೇಳಿದ ಹುಣಸೂರು ಮೊದಲಾದ ನಾಲ್ಕು ತಾಲ್ಲೂಕುಗಳ ಬಹುಭಾಗ ಸಮುದ್ರಮಟ್ಟದಿಂದ 700ರಿಂದ 850 ಮೀಟರ್ ಎತ್ತರದ ಪ್ರಸ್ಥಭೂಮಿ. 800 ಮೀಟರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಒಂಬತ್ತು ಪಾಲು ಕಡಿಮೆ. ಮಡಿಕೇರಿಯ ಎತ್ತರದಲ್ಲಿ ನೂರಕ್ಕೆ ಹದಿಮೂರರ ಸುಮಾರು. ತಳ್ಳುವವನೇ ಸೊರಗಿದ್ದಾನೆ, ಹಾಗಾಗಿ ಸಿಲಿಂಡರಿಗೆ ಬೀಳುವ ಗಾಳಿಯೂ ಅಷ್ಟೇ ಕಡಿಮೆ. ಅಂದರೆ ಹುಣಸೂರಿನಲ್ಲಿ ಕಾರು ದಣಿದಿರುವುದಿಲ್ಲ, ಹಸಿದಿರುತ್ತದೆ.

ಈ ಹಸಿವನ್ನು ಮೊದಲು ತೀವ್ರವಾಗಿ ಅನುಭವಿಸಿದ್ದು ವಿಮಾನಗಳು. ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಮಟ್ಟದ ಅರ್ಧಕ್ಕಿಂತ ಕಡಿಮೆ. ತಿದಿಯಿಲ್ಲದ ಪಿಸ್ಟನ್ ಎಂಜಿನ್ ಅಲ್ಲಿ ಅರ್ಧ ಎಂಜಿನ್ನಾಗುತ್ತದೆ. ಎರಡನೇ ಮಹಾಯುದ್ಧದ ಲಿಬರೇಟರ್ ಬಾಂಬರುಗಳ ಎಂಜಿನ್ನುಗಳಲ್ಲಿ, ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗುವ ಗಾಳಿದೂಡುವ ಚಕ್ರಗಳಿದ್ದದ್ದು ಇದಕ್ಕಾಗಿಯೇ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಇಂಥ ವಿಮಾನಗಳನ್ನು 1940ರಲ್ಲಿ ಹುಟ್ಟಿದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1948ರಿಂದ ಒಂದೊಂದಾಗಿ ದುರಸ್ತಿ ಮಾಡಿ ಭಾರತೀಯ ವಾಯುಪಡೆಗೆ ಒಪ್ಪಿಸಿತು. ಕಳೆದುಹೋದ ಗಾಳಿಯನ್ನು ಎಂಜಿನ್ನಿಗೆ ಮರಳಿ ಕೊಡುವ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ ಎಂಬ ಕಾರಣಕ್ಕೆ ಇದನ್ನು ನೆನೆಯುತ್ತಿದ್ದೇನೆ.

ಕಡಲೆಕಾಯಿಯಂಥ ಎರಡು ಉರುಳೆ

ಕಾರಿಗೆ ಕೂರಿಸುವ ತಿದಿಯಂತ್ರದಲ್ಲಿ ಹಲವು ಬಗೆಯುಂಟು. ಎಲ್ಲಕ್ಕಿಂತ ಹಳೆಯದು ಅಮೆರಿಕದ ರೂಟ್ಸ್ ಸಹೋದರರ ಹೆಸರಿನದು. 1860ರಲ್ಲಿ ಅವರು ಹಕ್ಕುಪತ್ರ ಪಡೆದಾಗ ಕಾರು ಇನ್ನೂ ಹುಟ್ಟಿರಲಿಲ್ಲ. ಅವರ ಯಂತ್ರ ಕಬ್ಬಿಣದ ಕುಲುಮೆಗಳಿಗೆ, ಗಣಿಗಳಿಗೆ ಗಾಳಿಯೂದುತ್ತಿತ್ತು. ಆಲೆಮನೆಯ ಗಾಣವನ್ನು ಕಣ್ಣಮುಂದೆ ತಂದುಕೊಳ್ಳಿ. ಎದುರುಬದುರು ತಿರುಗುವ ಉರುಳೆಗಳು, ನಡುವೆ ಸಿಕ್ಕ ಕಬ್ಬು. ರೂಟ್ಸ್ ಯಂತ್ರದಲ್ಲೂ ಎರಡು ಉರುಳೆ ಎದುರುಬದುರು ತಿರುಗುತ್ತವೆ, ಆದರೆ ಅವು ದುಂಡಗಿಲ್ಲ, ನಡು ಸಣ್ಣಗಾದ ಜೋಡಿಕಾಳಿನ ಕಡಲೆಕಾಯಿಯ ಆಕಾರದವು. ಗಾಳಿ ಕಬ್ಬಿನಂತೆ ನಡುವೆ ಹೋಗುವುದಿಲ್ಲ. ಕಡಲೆಕಾಯಿಯ ಸೊಂಟಕ್ಕೂ ಹೊರಗೋಡೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡು, ಬೊಗಸೆಬೊಗಸೆಯಾಗಿ ಆಚೆ ಬದಿಗೆ ಸಾಗುತ್ತದೆ. ಎಂಜಿನ್ನಿನದೇ ಒಂದು ಬೆಲ್ಟು ಇದನ್ನು ತಿರುಗಿಸುತ್ತದೆ. ಎಂಜಿನ್ ತೆಗೆದುಕೊಳ್ಳುವುದಕ್ಕಿಂತ ವೇಗವಾಗಿ ಇದು ತಂದು ಸುರಿದರೆ ನಡುವಿನ ಕೊಳವೆಯಲ್ಲಿ ಗಾಳಿ ಒತ್ತೊತ್ತಾಗಿ ನಿಲ್ಲುತ್ತದೆ. ಅದೇ ಬೂಸ್ಟ್, ಒತ್ತುಗಾಳಿ ಎನ್ನೋಣ. ಟರ್ಬೊ ಎಂಬುದೂ ಇದೇ ಕೆಲಸ ಮಾಡುತ್ತದೆ, ಬೆಲ್ಟಿನ ಬದಲು ಹೊಗೆಯ ಬಲದಿಂದ. ಎಂಜಿನ್ ವೇಗ ಹೆಚ್ಚಾಗುವವರೆಗೆ ಅದು ಮೈಕೊಡವುವುದಿಲ್ಲ. ಬೆಲ್ಟಿನ ತಿದಿ ಹಾಗಲ್ಲ, ಕಾಲಿಟ್ಟ ಕ್ಷಣವೇ ಜೊತೆಯಾಗುತ್ತದೆ. ಸ್ಪೋರ್ಟ್ಸ್ ಕಾರಿನವರು ಅದನ್ನು ಬಯಸುವುದು ಇದಕ್ಕಾಗಿ.

ಇಲ್ಲೊಂದು ಗೊಂದಲ ನಿವಾರಿಸಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಯೆಜ್ಡಿ ಬೈಕುಗಳ ಟೂ ಸ್ಟ್ರೋಕ್ ಎಂಜಿನ್ನಿನಲ್ಲೂ ಪಿಸ್ಟನ್ನಿನ ತಳಭಾಗ ತಿದಿಯಂತೆ ಮಿಶ್ರಣವನ್ನು ಮೇಲಕ್ಕೆ ತಳ್ಳುತ್ತದೆ. ಆದರೆ ಅದು ತಳ್ಳುವುದು ವಾತಾವರಣ ಕೊಟ್ಟಷ್ಟನ್ನೇ, ಒಂದು ಹಿಡಿಯೂ ಹೆಚ್ಚಿಲ್ಲ. ತಿದಿಯಂತ್ರ ಎನ್ನಿಸಿಕೊಳ್ಳಲು ಸಿಲಿಂಡರಿನ ಪಾಲಿಗಿಂತ ಹೆಚ್ಚು ಬಡಿಸಬೇಕು.

ಒತ್ತಿದ ಗಾಳಿಯ ಬಿಸಿ

ಈಗ ಲೆಕ್ಕಕ್ಕೆ ಕೂರೋಣ. ಉದಾಹರಣೆಗೆ ಸ್ಯಾನ್ ಸ್ಟಾರ್ಮ್ ಎಂಬ ಕಾರು. 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾದ, ಇಬ್ಬರೇ ಕೂರುವ, ಫೈಬರ್‌ಗ್ಲಾಸ್ ಮೈಯ ಪುಟ್ಟ ಸ್ಪೋರ್ಟ್ಸ್ ಕಾರು. ಅದರಲ್ಲಿದ್ದದ್ದು ರೆನೋದ 1149 ಸಿಸಿ ಎಂಜಿನ್, ಬಲ ಸುಮಾರು 60 ಅಶ್ವಶಕ್ತಿ. ನೋಟಕ್ಕೆ ತಕ್ಕ ಓಟವಿಲ್ಲ ಎನ್ನಿಸುವುದು ಸಹಜ, ತಿದಿಯಂತ್ರದ ಆಸೆ ಹುಟ್ಟುವುದೂ ಇಂಥ ಕಾರುಗಳಲ್ಲೇ. ಕರಾವಳಿಯ 60 ಹುಣಸೂರಿಗೆ ಬಂದಾಗ 55ರ ಆಸುಪಾಸಿಗೆ ಇಳಿದಿರುತ್ತದೆ. ಇದಕ್ಕೆ ಹಿತಮಿತವಾದ ತಿದಿ ಕೂರಿಸಿ, ಹುಣಸೂರಿನ ಗಾಳಿಯ ಒತ್ತಡವನ್ನು ಮೂರನೇ ಒಂದು ಪಾಲು ಹೆಚ್ಚಿಸಿದೆವು ಎನ್ನಿ. ಮೂರು ಇದ್ದದ್ದು ನಾಲ್ಕಾಯಿತು. ಬಲವೂ 55ರಿಂದ 73ಕ್ಕೆ ಏರಬೇಕಲ್ಲವೇ?

ಏರುವುದಿಲ್ಲ. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿದರೆ ಕಾರಣ ತಿಳಿಯುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ನಾವು ಒತ್ತಲು ಪಟ್ಟ ಶ್ರಮವೆಲ್ಲ ಗಾಳಿಯ ಕಣಗಳ ಓಟವಾಗಿ ಸೇರುತ್ತದೆ. ನಷ್ಟವೇ ಇಲ್ಲದ ಆದರ್ಶ ಯಂತ್ರವಾದರೆ 30 ಡಿಗ್ರಿಯ ಗಾಳಿ 56 ಡಿಗ್ರಿಗೆ ಬರುತ್ತಿತ್ತು. ರೂಟ್ಸ್ ಮಾದರಿಯದು ಗಾಳಿಯನ್ನು ತನ್ನೊಳಗೆ ನಯವಾಗಿ ಅದುಮದೆ, ಮುಂದೆ ಈಗಾಗಲೇ ತುಂಬಿರುವ ಕೊಳವೆಗೆ ಒರಟಾಗಿ ನೂಕುವುದರಿಂದ ಇನ್ನಷ್ಟು ಬಿಸಿ ಮಾಡುತ್ತದೆ. ನೂರಕ್ಕೆ ಅರವತ್ತರ ದಕ್ಷತೆ ಎಂದಿಟ್ಟುಕೊಂಡರೆ ಹೊರಬರುವ ಗಾಳಿ ಸುಮಾರು 73 ಡಿಗ್ರಿ. ಬ್ಯಾರನ್ನಿನಲ್ಲಿ ಹೊಗೆಸೊಪ್ಪಿನ ದಂಟು ಒಣಗಿಸುವ ಕೊನೆಯ ಹಂತದ ಬಿಸಿಯೂ ಹೆಚ್ಚುಕಡಿಮೆ ಇಷ್ಟೇ. ಬಿಸಿಯಾದ ಗಾಳಿ ಹಿಗ್ಗಿ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಒತ್ತಡ ಮೂರನೇ ಒಂದು ಪಾಲು ಹೆಚ್ಚಿದರೂ ಸಿಲಿಂಡರಿಗೆ ಹೆಚ್ಚಾಗಿ ಸೇರುವ ಗಾಳಿಯ ತೂಕ ನೂರಕ್ಕೆ ಹದಿನೇಳು ಮಾತ್ರ. 55 ಅಶ್ವಶಕ್ತಿ 64 ಆಗುತ್ತದೆ. ಅದರಲ್ಲಿ ಮೂರ್ನಾಲ್ಕು ಅಶ್ವಶಕ್ತಿಯನ್ನು ತಿದಿಯೇ ಬೆಲ್ಟಿನ ಮೂಲಕ ತಿಂದುಬಿಡುತ್ತದೆ. ಉಳಿದದ್ದು 60. ಅಷ್ಟೆಲ್ಲ ಖರ್ಚು ಮಾಡಿ ನಾವು ಗಳಿಸಿದ್ದು ಮಂಗಳೂರಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಬಲವನ್ನು!

ಇದು ಕಾಗದದ ಮೇಲಿನ ಸ್ಥೂಲ ಲೆಕ್ಕ. ಆವಿಯಾಗುವ ಪೆಟ್ರೋಲು ಗಾಳಿಯನ್ನು ತುಸು ತಂಪು ಮಾಡುತ್ತದೆ, ಸಿಲಿಂಡರಿನಲ್ಲಿ ಉಳಿದ ಹಳೆಯ ಹೊಗೆಯನ್ನು ಒತ್ತುಗಾಳಿ ಹೊರದಬ್ಬುತ್ತದೆ. ಆದ್ದರಿಂದ ನಿಜದ ಫಲ ಇದಕ್ಕಿಂತ ಮೇಲಿರಬಹುದು. ಆದರೆ ಲೆಕ್ಕ ತೋರಿಸುವ ದಿಕ್ಕು ಬದಲಾಗುವುದಿಲ್ಲ. ತಿದಿಯಂತ್ರ ಕೊಟ್ಟದ್ದನ್ನು ಬಿಸಿ ಅರ್ಧ ಕಸಿದುಕೊಳ್ಳುತ್ತದೆ. ಕಸಿದದ್ದನ್ನು ಮರಳಿ ಪಡೆಯಬೇಕಾದರೆ ತಿದಿಗೂ ಎಂಜಿನ್ನಿಗೂ ನಡುವೆ ಇಂಟರ್‌ಕೂಲರ್ ಎಂಬ ತಣಿಪೆಟ್ಟಿಗೆ ಬೇಕು. ಬ್ಯಾರನ್ನಿನೊಳಗೆ ಹಾಯುವ ಬಿಸಿ ಕೊಳವೆಗಳು ತಮ್ಮೊಳಗಿನ ಶಾಖವನ್ನು ಸುತ್ತಲಿನ ಎಲೆಗೆ ಕೊಡುವಂತೆ, ತಣಿಪೆಟ್ಟಿಗೆಯ ತೆಳು ಕೊಳವೆಗಳು ಒತ್ತುಗಾಳಿಯ ಶಾಖವನ್ನು ರಸ್ತೆಯ ಗಾಳಿಗೆ ಕೊಟ್ಟುಬಿಡುತ್ತವೆ. 73 ಡಿಗ್ರಿಯನ್ನು 45ಕ್ಕೆ ಇಳಿಸಿದರೆ ಗಾಳಿಯ ತೂಕದ ಹೆಚ್ಚಳ ನೂರಕ್ಕೆ 27ಕ್ಕೆ ಏರಿ, ನಿವ್ವಳ ಬಲ 66ರ ಸುಮಾರಿಗೆ ನಿಲ್ಲುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಎಲ್ಲರ ಕಣ್ಣು ಹೊಳೆಯುವ ಉರುಳೆಗಳ ಮೇಲಿರುತ್ತದೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ್ದು ತಣಿಪೆಟ್ಟಿಗೆಗೆ ಬಾನೆಟ್ಟಿನ ಮುಂದೆ ಜಾಗವಿದೆಯೇ ಎಂದು.

ತಾನುರಿ

ಬಲ ಕಡಿಮೆ ಸಿಗುವುದಷ್ಟೇ ಬಿಸಿಯ ತಪ್ಪಾಗಿದ್ದರೆ ಸಹಿಸಬಹುದಿತ್ತು. ದೊಡ್ಡ ಅಪಾಯ ಸಿಲಿಂಡರಿನೊಳಗಿದೆ. ಕಬ್ಬಿನ ಗದ್ದೆಯಲ್ಲಿ ತರಗಿಗೆ ಒಂದು ಮೂಲೆಯಿಂದ ಬೆಂಕಿ ಕೊಟ್ಟಾಗ ಅದು ಸಾಲುಗಟ್ಟಿ ಮುಂದುವರಿಯುತ್ತದೆ. ಸಿಲಿಂಡರಿನಲ್ಲೂ ಕಿಡಿ ಹೊತ್ತಿದ ಕಡೆಯಿಂದ ಉರಿ ಹೀಗೇ ಹರಡಬೇಕು. ಆಗ ಪಿಸ್ಟನ್ ಮೇಲಿನ ಒತ್ತಡ ಕೈಯಿಂದ ತಳ್ಳಿದಂತೆ ನಯವಾಗಿ ಏರುತ್ತದೆ. ಆದರೆ ಉರಿದು ಹಿಗ್ಗಿದ ಭಾಗ, ಇನ್ನೂ ಉರಿಯದ ಕೊನೆಯ ಮೂಲೆಯ ಮಿಶ್ರಣವನ್ನು ಅದುಮುತ್ತಾ ಕಾಯಿಸುತ್ತಾ ಹೋಗುತ್ತದೆ. ಆ ಮೂಲೆ ಮೊದಲೇ ಕಾದಿದ್ದರೆ ಬೆಂಕಿಯ ಸಾಲು ತಲುಪುವ ಮುನ್ನವೇ ಎಲ್ಲವೂ ಒಮ್ಮೆಗೇ ಧಗ್ಗೆನ್ನುತ್ತದೆ. ಈ ತಾನುರಿಯನ್ನೇ ಮೆಕ್ಯಾನಿಕ್ಕುಗಳು ಗಾಡಿ ನಾಕ್ ಹೊಡೆಯುತ್ತಿದೆ ಎನ್ನುವುದು. ಕೈಯಿಂದ ತಳ್ಳುವ ಬದಲು ಸುತ್ತಿಗೆಯಿಂದ ಹೊಡೆದಂತೆ. ಪಿಸ್ಟನ್ನಿನ ಅಂಚು ಸವೆಯುತ್ತದೆ, ಉಂಗುರಗಳ ನಡುವಿನ ಏಣು ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಬಿರಿಯುತ್ತದೆ.

ತಿದಿಯ ಬಿಸಿ ಇಲ್ಲಿ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಸ್ಯಾನ್ ಸ್ಟಾರ್ಮ್ ಕಾಲದ ಪೆಟ್ರೋಲ್ ಎಂಜಿನ್ನುಗಳು ಒಳಬಂದ ಮಿಶ್ರಣವನ್ನು ಒಂಬತ್ತು–ಹತ್ತರಲ್ಲೊಂದು ಪಾಲಿನ ಜಾಗಕ್ಕೆ ಅದುಮುತ್ತವೆ. ಈ ಅದುಮಾಟ ಬಿಸಿಗೆ ಇಂತಿಷ್ಟು ಡಿಗ್ರಿಯನ್ನು ಕೂಡಿಸುವುದಿಲ್ಲ, ಇದ್ದದ್ದನ್ನು ಎರಡು ಪಟ್ಟಿಗೂ ಮೀರಿ ಗುಣಿಸುತ್ತದೆ. ಒಳಬರುವಾಗ 43 ಡಿಗ್ರಿ ಹೆಚ್ಚಾಗಿದ್ದ ಗಾಳಿ ಅದುಮಾಟ ಮುಗಿದಾಗ 90 ಡಿಗ್ರಿಗೂ ಹೆಚ್ಚು ಬಿಸಿಯಾಗಿರುತ್ತದೆ. ಕಾರ್ಖಾನೆಯಿಂದಲೇ ತಿದಿಯಂತ್ರದೊಡನೆ ಬರುವ ಎಂಜಿನ್ನುಗಳಿಗೆ ಇದನ್ನು ಲೆಕ್ಕ ಹಾಕಿಯೇ ಪಿಸ್ಟನ್, ಕಿಡಿಯ ಹೊತ್ತು, ತಣಿಸುವ ಏರ್ಪಾಟು ಎಲ್ಲವನ್ನೂ ರೂಪಿಸಿರುತ್ತಾರೆ. ಹಳೆಯ ಎಂಜಿನ್ನಿಗೆ ಆ ಸಿದ್ಧತೆಯಿಲ್ಲ.

ಕೆಲವು ಎದುರುಮಾತುಗಳು

ನಮ್ಮೂರಿನ ಡೀಸೆಲ್ ಪಿಕಪ್ಪುಗಳಲ್ಲಿ ಟರ್ಬೊ ಶಿಳ್ಳೆ ಹಾಕುತ್ತಾ ವರ್ಷಗಟ್ಟಲೆ ದುಡಿಯುತ್ತದೆ, ಪೆಟ್ರೋಲ್ ಎಂಜಿನ್ನಿಗೆ ಮಾತ್ರ ಯಾಕಿಷ್ಟು ಭಯ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಡೀಸೆಲ್ ಎಂಜಿನ್ ಅದುಮುವುದು ಬರಿಯ ಗಾಳಿಯನ್ನು. ಇಂಧನ ಬೀಳುವುದು ಅದುಮಾಟದ ಕೊನೆಯಲ್ಲಿ. ಹೊತ್ತಿಕೊಳ್ಳಲು ಏನೂ ಇಲ್ಲದ ಕಡೆ ಹೊತ್ತಿಗೆ ಮುಂಚೆ ಹೊತ್ತುವುದೆಂತು? ಅದಕ್ಕೆ ಬಿಸಿ ಗಾಳಿಯೇ ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಾದರೋ ಇಂಧನ ಮೊದಲಿನಿಂದಲೂ ಗಾಳಿಯೊಳಗೆ ಬೆರೆತು ಕಾಯುತ್ತಿರುತ್ತದೆ. ಡೀಸೆಲಿನ ಅನುಭವವನ್ನು ಪೆಟ್ರೋಲಿಗೆ ಹಚ್ಚಿ ಎಂಜಿನ್ ಕಳೆದುಕೊಳ್ಳುವ ಅಪಾಯ ನಿಜವಾದದ್ದು.

ಇಂದಿನ ಪೆಟ್ರೋಲು ಮೊದಲಿಗಿಂತ ಉತ್ತಮವಲ್ಲವೇ ಎಂಬುದು ಇನ್ನೊಂದು ವಾದ. ಹೌದು. ತಾನುರಿಯನ್ನು ತಡೆಯುವ ಗುಣವೇ ಆಕ್ಟೇನ್. 2020ರ ಬಿಎಸ್ 6 ಮಾನದಂಡದಲ್ಲಿ ಸಾಮಾನ್ಯ ಪೆಟ್ರೋಲಿಗೂ ಅದು ಕನಿಷ್ಠ 91. ಈಗ ಬೆರೆಸುತ್ತಿರುವ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಅದನ್ನು ಮತ್ತೂ ಏರಿಸುತ್ತದೆ, ಆವಿಯಾಗುವಾಗ ಗಾಳಿಯನ್ನು ಹೆಚ್ಚು ತಂಪಾಗಿಸುತ್ತದೆ. ಆದರೆ ಎಥೆನಾಲಿನೊಳಗೇ ಆಮ್ಲಜನಕವಿರುವುದರಿಂದ ಅಷ್ಟೇ ಗಾಳಿಗೆ ಈ ಮಿಶ್ರಣವನ್ನು ಹೆಚ್ಚು ಸುರಿಯಬೇಕು. ಹೊಸ ಕಾರಿನ ಕಂಪ್ಯೂಟರು ಹೊಗೆಯನ್ನು ಮೂಸಿ ತಿದ್ದಿಕೊಳ್ಳುತ್ತದೆ. ಕಾರ್ಬ್ಯುರೇಟರಿನ ಹಳೆಯ ಎಂಜಿನ್ನಿಗೆ ಆ ಮೂಗಿಲ್ಲ. ಅದು ತೆಳು ಮಿಶ್ರಣದಲ್ಲೇ ಓಡಿ ಕಾಯುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನು ಎಥೆನಾಲ್ ಕೊರೆಯುವುದು ಬೇರೆ. ಆಕ್ಟೇನಿನಿಂದ ಬಂದ ಲಾಭ ಹೀಗೆ ಕೈತಪ್ಪುವುದುಂಟು.

ದಪ್ಪ ಗ್ಯಾಸ್ಕೆಟ್ ಹಾಕಿ ಅದುಮಾಟ ಕಡಿಮೆ ಮಾಡಿದರೆ ತಾನುರಿ ತಪ್ಪುತ್ತದೆ; ಬದಲಿಗೆ ತಿದಿ ಕೆಲಸ ಮಾಡದ ನಿಧಾನದ ಓಟದಲ್ಲಿ ಮೈಲೇಜ್ ಹೋಗುತ್ತದೆ. ಕಿಡಿಯನ್ನು ತುಸು ತಡವಾಗಿ ಹಾರಿಸುವುದು ಇದಕ್ಕಿಂತ ಅಗ್ಗದ, ಬೇಕಾದಾಗ ಮರಳಿ ತಿದ್ದಬಹುದಾದ ಉಪಾಯ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡಿಗೆ ತಡೆಯೊಡ್ಡುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಸಾರಿಗೆ ಕಚೇರಿಯ ಒಪ್ಪಿಗೆಯಿಲ್ಲದ ತಿದಿಗೆ ಸಾರ್ವಜನಿಕ ರಸ್ತೆಯಲ್ಲಿ ಜಾಗವಿಲ್ಲ.

ಹುಣಸೂರಿನ ಪುಲ್ಲಿ, ಮಂಗಳೂರಿನ ಗಾಳಿ

ಹಾಗಾದರೆ ತಿದಿ ಬೇಡವೇ? ನನ್ನ ವಾದ ಅದಲ್ಲ. ಈ ಪ್ರಸ್ಥಭೂಮಿಯ ಎತ್ತರ ಎಂಜಿನ್ನಿನಿಂದ ಬಲ ಕಸಿಯುವಾಗ ಅದರ ಮೇಲಿನ ಒತ್ತಡವನ್ನೂ ಇಳಿಸಿರುತ್ತದೆ. ಕರಾವಳಿಯ ಒತ್ತಡಕ್ಕೆಂದೇ ಕಟ್ಟಿದ ಲೋಹಕ್ಕೆ ಇಲ್ಲಿ ನೂರಕ್ಕೆ ಒಂಬತ್ತರಷ್ಟು ಬಿಡುವಿದೆ. ತಣಿಸಿದ ಗಾಳಿಯಿಂದ ಆ ಬಿಡುವನ್ನು ತುಂಬಿ ಅದರ ಮೇಲೆ ತುಸುವೇ ಏರಿಸುವ ಸಣ್ಣ ತಿದಿಯನ್ನು ಗಟ್ಟಿಮುಟ್ಟಾದ ಹಳೆಯ ಎಂಜಿನ್ ತಾಳಿಕೊಳ್ಳಬಲ್ಲದು. ಮೊದಲು ಸಿಲಿಂಡರುಗಳ ಅದುಮುಬಲ ಅಳೆದು, ನಾಲ್ಕೂ ಸಮವಾಗಿವೆಯೇ ನೋಡಿ, ರೇಡಿಯೇಟರು ಸರಿಪಡಿಸಿ, ಆಮೇಲೆ ತಣಿಪೆಟ್ಟಿಗೆ, ಎಲ್ಲ ಮುಗಿದ ಮೇಲೆ ತಿದಿ. ಈ ಕ್ರಮ ತಲೆಕೆಳಗಾದಾಗಲೇ ಎಂಜಿನ್ ಹೋಗುವುದು.

ಒಂದು ಮಾತು ಮಾತ್ರ ಉಳಿಯಿತು. ಬೆಲ್ಟಿನ ತಿದಿಗೆ ಊರಿನ ಎತ್ತರ ಗೊತ್ತಿಲ್ಲ. ಅದರ ಪುಲ್ಲಿಯ ಗಾತ್ರ ನಿಗದಿ ಮಾಡುವುದು ಎಷ್ಟು ಪಟ್ಟು ಎಂಬುದನ್ನು, ಎಷ್ಟು ಒತ್ತಡ ಎಂಬುದನ್ನಲ್ಲ. ಹುಣಸೂರಿನಲ್ಲಿ ಮೂರನ್ನು ನಾಲ್ಕು ಮಾಡಿದ ಪುಲ್ಲಿ ಸಂಪಾಜೆ ಇಳಿದ ಮೇಲೂ ಅದನ್ನೇ ಮಾಡುತ್ತದೆ, ಅಲ್ಲಿನ ಮೂರು ಇಲ್ಲಿನದಕ್ಕಿಂತ ದೊಡ್ಡದು. ಇಲ್ಲಿ ತಣ್ಣನೆಯ ಬೆಳಗಿನಲ್ಲಿ ಒಂದು ಟಿಕ್ ಸದ್ದೂ ಮಾಡದೆ ಓಡಿದ ಎಂಜಿನ್, ಸುಳ್ಯ ದಾಟಿ ಬೇಸಿಗೆಯ ಮಧ್ಯಾಹ್ನದ ಹವೆಯಲ್ಲಿ ಆಕ್ಸಿಲರೇಟರ್ ತುಳಿದಾಗ ನಾಕ್ ಹೊಡೆಯಲು ಶುರುಮಾಡಬಹುದು. ಆದ್ದರಿಂದ ಕಿಡಿಯ ಹೊತ್ತನ್ನು ಹುಣಸೂರಿನ ವರ್ಕ್‌ಶಾಪಿನಲ್ಲಿ ಕೂಡಿಸಿದರೂ, ಅದು ಸರಿಯಿದೆಯೇ ಎಂದು ಕಿವಿಗೊಟ್ಟು ಕೇಳಬೇಕಾದ್ದು ಘಾಟಿ ಇಳಿದು ಸಮುದ್ರಮಟ್ಟ ಮುಟ್ಟಿದ ಮೇಲೆ.